ಅವ್ವ ಗಂಜಿ ಹಾಕುತ್ತಿದ್ದ ಬ್ಯಾಂಡುಗಳು

ಭಾನುವಾರ ಮಧ್ಯಾಹ್ನ ಅನ್ನ ಬಸಿದ ಗಂಜಿಗೆ ಒಂದಿಷ್ಟು ನೀರು ಬೆರೆಸಿ ನನ್ನ ಬ್ಯಾಂಡುಗಳನ್ನು ಅದರಲ್ಲಿ ಅದ್ದಿ ಒಣಗಿಸುತ್ತೇನೆ. ವಕೀಲರು ಕರಿ ಕೋಟಿನ ಮೇಲೆ ಕೊರಳಿಗೆ ಕಟ್ಟಿಕೊಳ್ಳುವ, ಎದೆಯ ಮೇಲೆ ಎರಡು ಎಳೆಯಾಗಿ ಇಳಿಯುವ ಬಿಳಿ ಪಟ್ಟಿಗೆ ನಮ್ಮಲ್ಲಿ ಬ್ಯಾಂಡು ಎನ್ನುತ್ತಾರೆ. ಹಗರಿಬೊಮ್ಮನಹಳ್ಳಿಯಲ್ಲಿ ಒಬ್ಬ ಹಿರಿಯ ವಕೀಲರ ಕೈಕೆಳಗೆ ನಾನು ಸೇರಿ ಬಹಳ ಕಾಲವಾಗಿಲ್ಲ. ಮೊನ್ನೆ ಭಾನುವಾರ ಸಂಜೆ ಒಣಗಿದ ಬ್ಯಾಂಡಿಗೆ ಇಸ್ತ್ರಿಪೆಟ್ಟಿಗೆ ತಾಗಿಸಿದೊಡನೆ ಬೆಂದ ಅಕ್ಕಿಯ ವಾಸನೆ ಎದ್ದಿತು. ಸ್ವಲ್ಪ ಹುಳಿ, ಸ್ವಲ್ಪ ಸೀದದ್ದು... ಹರಪನಹಳ್ಳಿಯ ನಮ್ಮ ಹಳೆಯ ಬಾಡಿಗೆ ಮನೆಯ ಹಿತ್ತಲು ಕಣ್ಣೆದುರು ಬಂತು. ಅಲ್ಲಿನ ತಂತಿಯ ಮೇಲೆ ಒಣಗುತ್ತಿದ್ದ ಬ್ಯಾಂಡುಗಳು ನನ್ನವಲ್ಲ, ಪಕ್ಕದ ಮನೆಯ ವಕೀಲ ಕಾಕಾನವು.

ಅವರ ಹೆಂಡತಿ ನಾವು ಆ ಮನೆಗೆ ಬರುವ ಮೊದಲೇ ತೀರಿಹೋಗಿದ್ದರು. ಮಕ್ಕಳಿರಲಿಲ್ಲ. ಒಬ್ಬರೇ ಅಡಿಗೆ ಮಾಡಿಕೊಳ್ಳುತ್ತಿದ್ದರು, ಬಟ್ಟೆ ಒಗೆದುಕೊಳ್ಳುತ್ತಿದ್ದರು, ಆದರೆ ಗಂಜಿ ಹಾಕುವುದು ಮಾತ್ರ ಅವರಿಗೆ ಒಗ್ಗಲಿಲ್ಲ. ಒಂದು ಸಲ ಬ್ಯಾಂಡು ರೊಟ್ಟಿಯಂತೆ ಸೆಟೆದುಕೊಂಡು ಅವರ ಗದ್ದ ಕೆಂಪಾಗಿದ್ದನ್ನು ಕಂಡು ಅವ್ವ ನಕ್ಕುಬಿಟ್ಟಳು. "ತರ್ರಿ ಇಲ್ಲಿ. ನಾವು ಹೊಲಿಗಿ ಮಾಡೋರು, ಅರಿವಿ ಹದ ನಮಗ ಗೊತ್ತೈತಿ" ಎಂದಳು. ಅಂದಿನಿಂದ ಅದು ಅವ್ವನ ಭಾನುವಾರದ ಕೆಲಸವಾಯಿತು.

ಸಂಜೆ ಅವರು ನಮ್ಮ ಕಟ್ಟೆಗೆ ಬಂದು ಕೂತು ಚಹಾ ಕುಡಿಯುತ್ತಿದ್ದರು. ಅಪ್ಪ ಮೆಕ್ಕೆಜೋಳದ ಲಾರಿ ಓಡಿಸುತ್ತಿದ್ದುದರಿಂದ ಮನೆಯಲ್ಲಿ ಇರುತ್ತಿದ್ದುದು ಕಡಿಮೆ. ಗೊಬ್ಬರದಂಗಡಿಯವರು ಹೊಸ ವರ್ಷಕ್ಕೆ ಅಪ್ಪನಿಗೆ ಕೊಡುತ್ತಿದ್ದ ಡೈರಿ ನನ್ನ ಪಾಲಿಗೆ ಬರುತ್ತಿತ್ತು. ಯಾರು ಬಂದರು, ಯಾವ ಬಸ್ಸು ತಡವಾಯಿತು, ಏನು ಸಾರು, ಎಲ್ಲವನ್ನೂ ಬರೆಯುತ್ತಿದ್ದೆ. ಬ್ಯಾಂಡಿಗೆ ಗಂಜಿ ಹಾಕಿದ ಭಾನುವಾರಗಳ ಪುಟದ ಮೂಲೆಯಲ್ಲಿ ಒಂದು ಗೀಟು ಎಳೆಯುತ್ತಿದ್ದೆ. ಕಾಕಾ ಅದನ್ನು ನೋಡಿ ನನಗೆ ಜಡ್ಜಮ್ಮ ಎಂದು ಹೆಸರಿಟ್ಟಿದ್ದರು. "ಏನ್ ಜಡ್ಜಮ್ಮಾರ, ಇವತ್ತಿನ ಆರ್ಡರ್ ಏನು? ಕಾಕಾಗ ಒಂದು ಚಾ ಮಂಜೂರು ಮಾಡ್ತೀರೋ, ವಾಯಿದಾ ಹಾಕ್ತೀರೋ?" ಎನ್ನುತ್ತಿದ್ದರು. ಅವ್ವ ಒಳಗಿನಿಂದ, "ನಿನ್ನಿ ಕುಡದ ಕಪ್ಪು ತಂದ್ರ ಮಂಜೂರು" ಎನ್ನುತ್ತಿದ್ದಳು.

ಕಾಗದ ಓದುವುದನ್ನು ನನಗೆ ಕಲಿಸಿದವರು ಅವರೇ. ಯಾವ ಪತ್ರವೇ ಇರಲಿ, ಮೊದಲು ಕೊನೆಯ ಪುಟ ನೋಡಬೇಕು, ಯಾರು ಸಹಿ ಹಾಕುತ್ತಾರೆ, ಏನೆಂದು ಒಪ್ಪಿ ಹಾಕುತ್ತಾರೆ ಎನ್ನುವುದು ಅಲ್ಲಿರುತ್ತದೆ, ಆಮೇಲೆ ಮೊದಲ ಪುಟಕ್ಕೆ ಬರಬೇಕು ಎಂದಿದ್ದರು. ಹಳೆಯ ಪತ್ರಗಳ ನಕಲು ತಂದು ಓದಿಸುತ್ತಿದ್ದರು. ಆದರೆ ಅವು ಯಾರವು ಎಂದು ಕೇಳಿದರೆ ಬಾಯಿ ಬಿಡುತ್ತಿರಲಿಲ್ಲ. ಓಣಿಯಲ್ಲಿ ಅವರಿಗೆ ಆ ಹೆಸರಿತ್ತು. ಅಣ್ಣತಮ್ಮಂದಿರು, ಗಂಡಹೆಂಡಿರು, ಯಾರು ಏನು ಹೇಳಿಕೊಂಡು ಹೋದರೂ ಅದು ಅವರ ಹೊಟ್ಟೆಯಲ್ಲೇ ಕರಗುತ್ತದೆ ಎಂದು ಜನ ಹೇಳುತ್ತಿದ್ದರು. ಅವ್ವನಿಗೆ ಅದು ಹೆಮ್ಮೆಯ ವಿಷಯ. ಬೇರೆಯವರ ಮುಂದೆ ಅವರನ್ನು ಅವಳು ಕರೆಯುತ್ತಿದ್ದುದೇ "ನಮ್ಮ ವಕೀಲ್ರು" ಎಂದು.

ನಾನು ಹೈಸ್ಕೂಲಿನಲ್ಲಿದ್ದಾಗ ಅಜ್ಜ, ಎಂದರೆ ಅವ್ವನ ಅಪ್ಪ, ಕೊಟ್ಟೂರಿನಲ್ಲಿ ತೀರಿಕೊಂಡ. ಅವನ ಮನೆ ಪೇಟೆ ಬೀದಿಗೆ ಮುಖ ಮಾಡಿತ್ತು. ಮುಂದಿನ ಎರಡು ಕೋಣೆ ಮಗಳಿಗೆ, ಹಿಂದಿನದೆಲ್ಲ ಮಗನಿಗೆ ಎಂದು ಅಜ್ಜ ಬದುಕಿದ್ದಾಗ ಎಲ್ಲರೆದುರು ಹೇಳಿದ್ದ, ಆದರೆ ಬರೆದಿಟ್ಟಿರಲಿಲ್ಲ. ಅವ್ವ ಮನಸ್ಸಿನಲ್ಲೇ ಆ ಎರಡು ಕೋಣೆಗಳಲ್ಲಿ ಬದುಕತೊಡಗಿದ್ದಳು. ಹೊಲಿಗೆ ಯಂತ್ರ ಯಾವ ಕಿಟಕಿಯ ಕೆಳಗೆ, ಕನ್ನಡಿ ಯಾವ ಗೋಡೆಗೆ, ಹೊಲಿದ ಜಂಪರು ತೂಗಹಾಕುವ ಸರಿಗೆ ಎಲ್ಲಿಂದ ಎಲ್ಲಿಗೆ... ರಾತ್ರಿ ಉಣ್ಣುತ್ತ ಇದನ್ನೇ ಹೇಳುತ್ತಿದ್ದಳು. ಹರಪನಹಳ್ಳಿಯ ಮನೆಯಲ್ಲಿ ಯಂತ್ರಕ್ಕೆ ಜಾಗವಿದ್ದದ್ದು ಅಡಿಗೆಮನೆಯಲ್ಲಿ ಮಾತ್ರ. ಒಗ್ಗರಣೆಯ ವಾಸನೆ ಬಟ್ಟೆಗೆ ಹಿಡಿಯುತ್ತದೆಂದು ಗಿರಾಕಿಗಳು ಮೂಗು ಮುರಿಯುತ್ತಿದ್ದರು.

ಮನೆ ಅಜ್ಜನ ಹೆಸರಿನಲ್ಲೇ ಇತ್ತು. ಖಾತೆ ಬದಲಿಸಬೇಕು, ಒಳ್ಳೆಯ ವಕೀಲರು ಯಾರಾದರೂ ಇದ್ದಾರೆಯೇ ಎಂದು ಮಾವ, ಅವ್ವನ ತಮ್ಮ, ಫೋನು ಮಾಡಿದಾಗ ಅವ್ವ ಕ್ಷಣವೂ ಯೋಚಿಸಲಿಲ್ಲ. "ಊರೆಲ್ಲಾ ಯಾಕ ಹುಡುಕ್ತೀಯಪ್ಪ? ನಮ್ಮ ವಕೀಲ್ರು ಬಾಜೂಕ ಅದಾರ. ಅಕ್ಕ-ತಮ್ಮ ಇಬ್ರಿಗೂ ಅವ್ರೊಬ್ರ ಸಾಕು" ಎಂದಳು. ಒಂದು ಮನೆಗೆ ಒಬ್ಬ ಡಾಕ್ಟರು ಇರುವಂತೆ ಒಬ್ಬ ವಕೀಲರು ಎಂದು ಅವಳು ತಿಳಿದಿದ್ದಳು. ನಮ್ಮ ಕಡೆ ಬಹಳ ಜನ ಇಂದಿಗೂ ಹಾಗೆಯೇ ತಿಳಿದಿದ್ದಾರೆ.

ಮಾವ ಹರಪನಹಳ್ಳಿಗೆ ಬರಹೋಗುವುದು ಹೆಚ್ಚಾಯಿತು. ಬಸ್ಸಿಳಿದು ಮೊದಲು ಕಾಕಾನ ಮನೆಗೆ ಹೋಗಿ ಆಮೇಲೆ ನಮ್ಮಲ್ಲಿ ಊಟಕ್ಕೆ ಬರುತ್ತಿದ್ದ. ಅದೇ ದಿನಗಳಲ್ಲಿ ಕಾಕಾ ಚಹಾಕ್ಕೆ ಬರುವುದನ್ನು ಬಿಟ್ಟರು. ಹೊಟ್ಟೆ ಸರಿ ಇಲ್ಲ ಎಂದರು. ಒಂದು ಭಾನುವಾರ ಬ್ಯಾಂಡೂ ಬರಲಿಲ್ಲ. ಅವ್ವ ಗೋಡೆಯಾಚೆ ಇಣುಕಿ, "ಹೊಟ್ಟಿ ಕೆಟ್ರ ಬ್ಯಾಂಡಿಗೇನಾತ್ರಿ, ಕೊಡ್ರಿ" ಎಂದು ಕೇಳಿ ಇಸಿದುಕೊಂಡಳು. ಅವರು ಕೊಡುವಾಗ ಏನೋ ಹೇಳಲಿಕ್ಕೆ ಬಾಯಿ ತೆರೆದರು ಎಂದು ನನಗೆ ಈಗ ಅನ್ನಿಸುತ್ತದೆ. ಡೈರಿಯಲ್ಲಿ ಹಾಗೇನೂ ಬರೆದಿಲ್ಲ. ಆದ್ದರಿಂದ ಅದನ್ನು ನಂಬುವುದಿಲ್ಲ.

ಖಾತೆ ಬದಲಿಸುವ ಕಾಗದಕ್ಕೆ ಅವ್ವ ಸಹಿ ಹಾಕಬೇಕೆಂದು ಮಾವ ಕರೆದ ದಿನ ಶಾಲೆಗೆ ರಜೆ ಇತ್ತು, ಅವ್ವನ ಜೊತೆ ನಾನೂ ಹೋದೆ. ಕೊಟ್ಟೂರಿನ ನೋಂದಣಿ ಕಚೇರಿಯ ಹೊರಗಿನ ಬೇವಿನ ಗಿಡದ ಕೆಳಗೆ ಮಾವ ಅಕ್ಕನ ಉಡಿ ತುಂಬಿದ. ಕುಬಸದ ಕಣದ ಬಟ್ಟೆ, ತೆಂಗಿನಕಾಯಿ, ಎಲೆ ಅಡಿಕೆ, ಒಂದು ಹಿಡಿ ಅಕ್ಕಿ. ಅಣ್ಣತಮ್ಮಂದಿರಿಗೆ ಹಕ್ಕು ಬಿಟ್ಟುಕೊಡುವ ಅಕ್ಕತಂಗಿಯರಿಗೆ ಹೀಗೆ ಉಡಿ ತುಂಬುವ ರೂಢಿ ಇದೆಯೆಂದು ನನಗೆ ಆಗ ಗೊತ್ತಿರಲಿಲ್ಲ. ಅವ್ವನಿಗೆ ಗೊತ್ತಿತ್ತು. ಆದರೆ ಅಜ್ಜ ಹೋದ ಮೇಲೂ ತಮ್ಮನು ತವರಿನ ಮರ್ಯಾದೆ ಮರೆತಿಲ್ಲ ಎಂದುಕೊಂಡು ಅವಳು ಕಣ್ಣು ಒರೆಸಿಕೊಂಡಳು.

ಕಾಕಾ ಬೆಳಿಗ್ಗೆಯ ಕೋರ್ಟು ಮುಗಿಸಿ ಕರಿ ಕೋಟಿನಲ್ಲೇ ಬಂದಿದ್ದರು. ಕೊರಳಲ್ಲಿ ಅವ್ವ ಗಂಜಿ ಹಾಕಿದ ಬ್ಯಾಂಡು. ಕಾಗದಗಳನ್ನು ಅವ್ವನ ಮುಂದೆ ಹಿಡಿದು, "ಅಕ್ಕಾರ, ಒಮ್ಮಿ ಓದಿಕೊಳ್ರಿ" ಎಂದರು.

ಅವ್ವ ಏಳನೆಯ ತರಗತಿ ಪಾಸಾದವಳು, ಪೇಪರು ಓದುವವಳು. "ನೀವು ಬರದದ್ದು ನಾ ಏನ್ ಓದ್ಲಿರಿ? ನಿಮ್ಮ ಮ್ಯಾಲ ನಂಬಿಕಿ ಇಲ್ಲಂದಂಗ ಆಗತೈತಿ."

"ನಮ್ಮಕ್ಕ ಓದಾಕ ಕುಂತ್ಲು ಅಂದ್ರ ಆಫೀಸಿನೋರು ಬಾಗಲಾ ಹಾಕ್ಕೊಂಡು ಹೋಗ್ತಾರ" ಎಂದ ಮಾವ. ಎಲ್ಲರೂ ನಕ್ಕರು. ನಾನು ಕೊನೆಯ ಪುಟಕ್ಕೆ ಕೈ ಚಾಚಿದೆ. "ದೊಡ್ಡೋರ ಕಾಗದ, ಬಿಡು" ಎಂದು ಅವ್ವ ಕೈ ಸರಿಸಿದಳು. ಕಾಕಾ ಅದನ್ನು ನೋಡಿದರು. ನೋಡಿ, ಪೆನ್ನಿನ ಮುಚ್ಚಳ ತೆಗೆದು ಅವ್ವನ ಕೈಗೆ ಕೊಟ್ಟರು.

ಆ ದಿನದ ಪುಟದಲ್ಲಿ ಇರುವುದು ಇಷ್ಟೇ: ಕೊಟ್ಟೂರಿಗೆ ಹೋದೆವು. ಅವ್ವನ ಫೋಟೋ ತೆಗೆದು ಹೆಬ್ಬೆಟ್ಟು ಒತ್ತಿಸಿಕೊಂಡರು. ಮಂಡಕ್ಕಿ ಮಿರ್ಚಿ ತಿಂದೆವು. ಕಾಕಾ ತಿನ್ನಲಿಲ್ಲ.

ಬೇಸಿಗೆ ರಜೆಯಲ್ಲಿ ಅವ್ವ ಯಂತ್ರವನ್ನು ಅಪ್ಪನ ಲಾರಿಗೆ ಹಾಕಿಸಿಕೊಂಡು ಕೊಟ್ಟೂರಿಗೆ ಹೋದಳು. ಮುಂದಿನ ಕೋಣೆಗಳಲ್ಲಿ ಯಾರೋ ಮೊಬೈಲು ಅಂಗಡಿ ಹಾಕಿದ್ದರು. ಮಾವ ಹಿಂದಿನ ಬಾಗಿಲಿನಿಂದ ಬಂದು, "ನೀನ ಬರಕೊಟ್ಟೀಯಲ್ಲಕ್ಕ, ಉಡಿ ತುಂಬಿಸ್ಕೊಂಡೀಯಲ್ಲ" ಎಂದನಂತೆ. ಅವ್ವ ಜಗಳವಾಡಲಿಲ್ಲ. ಅದೇ ಲಾರಿಯಲ್ಲಿ ಯಂತ್ರದೊಡನೆ ವಾಪಸು ಬಂದಳು. ಅಪ್ಪ ಅದನ್ನು ಇಳಿಸುವ ಮೊದಲೇ ಪಕ್ಕದ ಕಟ್ಟೆಯ ಮುಂದೆ ಹೋಗಿ ನಿಂತಳು. ನಾನು ಹಿಂದೆ ನಿಂತಿದ್ದೆ.

"ವಕೀಲ್ರ, ಆ ಕಾಗದದಾಗ ಏನಿತ್ರಿ?"

"ಹಕ್ಕು ಬಿಡುಗಡೆ ಪತ್ರ, ಅಕ್ಕಾರ."

"ಖಾತಿ ಬದ್ಲಿ ಅಂದಿದ್ನಲ್ರಿ ನಮ್ಮ ತಮ್ಮ."

"ಅವರು ನಿಮಗ ಏನ್ ಹೇಳಿದ್ರೋ... ನಾ ನಿಮ್ಮ ತಮ್ಮನ ವಕೀಲ. ಅವರು ನನ್ನ ಹತ್ರ ಹೇಳಿದ್ದನ್ನ ನಾ ಹೊರಗ ಹೇಳೋ ಹಂಗಿಲ್ಲ."

"ಅವನ ಮಾತು ಹೇಳಬ್ಯಾಡ್ರಿ. ಅವನ ವಕೀಲ್ರು ನೀವಾದ್ರ, ಅವತ್ತು ನನ್ನ ವಕೀಲ್ರು ಯಾರಿದ್ರು?"

"ಯಾರೂ ಇರಲಿಲ್ಲ."

"ಅಷ್ಟನ್ನರ ಹೇಳಬೇಕಿತ್ತಲ್ರಿ."

"ಓದ್ರಿ ಅಂದಿದ್ನಲ್ಲ ಅಕ್ಕಾರ."

"ಹೌದ್ರಿ, ಅಂದಿದ್ರಿ" ಎಂದು ಅವ್ವ ತಿರುಗಿ ಬಂದುಬಿಟ್ಟಳು.

ಅಪ್ಪ ಬೇರೊಬ್ಬ ವಕೀಲರನ್ನು ಕೇಳಿದ. ಪತ್ರದ ನಕಲು ತೆಗೆಸಿದರು. ಕೊನೆಯ ಪುಟದಲ್ಲಿ, ಸಹಿಯ ಮೇಲೆ, "ಈ ಪತ್ರವನ್ನು ಓದಿ, ಓದಿಸಿ ಕೇಳಿ, ಒಪ್ಪಿ ಸಹಿ ಮಾಡಿರುತ್ತೇನೆ" ಎಂದಿತ್ತು. ಕಾಕಾ ನನಗೆ ಮೊದಲು ನೋಡಬೇಕೆಂದು ಕಲಿಸಿದ್ದ ಅದೇ ಜಾಗದಲ್ಲಿ. ಓದು ಬರುವ ಹೆಂಗಸು, ಫೋಟೋ ಇದೆ, ಸಾಕ್ಷಿಗಳಿದ್ದಾರೆ, ದಾವೆ ಹಾಕಬಹುದು, ಆದರೆ ಬಹಳ ವರ್ಷ ಹಿಡಿಯುತ್ತದೆ, ಗೆಲ್ಲುತ್ತೀರೆಂದು ಹೇಳಲಾರೆ ಎಂದರು ಆ ವಕೀಲರು. ತಮ್ಮನ ಎದುರು ಕಟಕಟೆ ಹತ್ತಿ ನಿಲ್ಲಲು ಅವ್ವನೂ ಒಪ್ಪಲಿಲ್ಲ. ಯಂತ್ರ ಅಡಿಗೆಮನೆಗೆ ಹೋಯಿತು.

ಕಾಕಾನ ಬ್ಯಾಂಡುಗಳು ಆಗ ನಮ್ಮ ಮನೆಯಲ್ಲಿದ್ದವು. ಭಾನುವಾರ ಅವ್ವ ಅವನ್ನು ಸೋಪು ಹಚ್ಚಿ ಚೆನ್ನಾಗಿಯೇ ಒಗೆದಳು. ಗಂಜಿಯನ್ನು ಎದುರು ಮನೆಯ ಎಮ್ಮೆಯ ಕಲಗಚ್ಚಿಗೆ ಸುರಿದಳು. ಒಣಗಿದ ಬ್ಯಾಂಡುಗಳನ್ನು ಮಡಚಿ ನನ್ನ ಕೈಯಲ್ಲಿ ಕೊಟ್ಟು ಕಳಿಸಿದಳು. ಕಾಕಾ ಬಾಗಿಲಲ್ಲಿ ನಿಂತು ಅವುಗಳ ಮೆತ್ತಗಿನ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದರು. ಜಡ್ಜಮ್ಮ ಎನ್ನಲಿಲ್ಲ. ಆ ಭಾನುವಾರದಿಂದ ನನ್ನ ಡೈರಿಯ ಮೂಲೆಗಳಲ್ಲಿ ಗೀಟುಗಳಿಲ್ಲ. ಬೇರೆ ಯಾರಿಂದಲೂ ಅವರು ಗಂಜಿ ಹಾಕಿಸಿಕೊಳ್ಳಲಿಲ್ಲ. ಕೋರ್ಟಿಗೆ ಹೊರಟಾಗ ಕೊರಳಲ್ಲಿ ಅದು ಒದ್ದೆ ಬತ್ತಿಯಂತೆ ಜೋತುಬಿದ್ದಿರುತ್ತಿತ್ತು. ನನಗೆ ಅದನ್ನು ನೋಡಿ ಸಮಾಧಾನವಾಗುತ್ತಿತ್ತು.

ನಾವು ಊರು ಬಿಟ್ಟು ಹಗರಿಬೊಮ್ಮನಹಳ್ಳಿಗೆ ಬಂದೆವು. ನಾನು ಕಾನೂನು ಓದಿದೆ. ವಕೀಲರ ನಡತೆಯ ಪಾಠದಲ್ಲಿ ಕಕ್ಷಿದಾರನ ಗುಟ್ಟು ಕಾಪಾಡಬೇಕು ಎಂದು ಬಂದಾಗ ಕಾಕಾ ನೆನಪಾದರು, ಅದರಲ್ಲಿ ಅವರಿಗೆ ಪೂರ್ತಿ ಅಂಕ. ಎದುರಿನವರಿಗೆ ವಕೀಲರಿಲ್ಲದಾಗ ತಾನು ಅವರ ಪರವೂ ಇದ್ದೇನೆ ಎಂಬ ಭ್ರಮೆಯಲ್ಲಿ ಅವರನ್ನು ಬಿಡಬಾರದು ಎಂದು ಪಾಠ ಹೇಳುವವರು ವಿವರಿಸಿದಾಗಲೂ ಅವರೇ ನೆನಪಾದರು. ನಾನು ನಿಮ್ಮ ವಕೀಲನಲ್ಲ ಎನ್ನುವುದು ಮಾವನ ಒಂದು ಗುಟ್ಟನ್ನೂ ಹೊರಗೆ ಬಿಡದೆ ಹೇಳಬಹುದಾಗಿದ್ದ ಮಾತು. ಅದರ ಬದಲು, ಅವ್ವ ಖಂಡಿತ ಒಪ್ಪುವುದಿಲ್ಲ ಎಂದು ಗೊತ್ತಿದ್ದ 'ಓದಿಕೊಳ್ರಿ' ಎಂಬ ಮಾತನ್ನು ಆರಿಸಿ ಹೇಳಿದರು. ನಾವು ಕೊಟ್ಟ ಚಹಾದಿಂದಲೇ ಅವರಿಗೆ ಅವ್ವನ ಸ್ವಭಾವ ಅಷ್ಟು ಚೆನ್ನಾಗಿ ತಿಳಿದದ್ದು.

ಅವರು ತೀರಿಕೊಂಡ ಸುದ್ದಿ ತಿಳಿದು ಸಂತಾಪ ಸಭೆಗೆ ನಾನೂ ಹೋದೆ. ಮಾತಾಡಿದವರೊಬ್ಬರು, ನಂಬಿದವರ ಮಾತನ್ನು ಅವರೆಂದೂ ಹೊರಗೆ ಬಿಟ್ಟವರಲ್ಲ ಎಂದರು. ಮೌನಕ್ಕೆ ಎಲ್ಲರ ಜೊತೆ ಎದ್ದು ನಿಂತೆ. ಸಿಟ್ಟು ಇತ್ತು. ಕಾಗದದ ಕೊನೆಯ ಪುಟ ತೋರಿಸಿಕೊಟ್ಟ ಮನುಷ್ಯ ಇನ್ನಿಲ್ಲ ಎನ್ನುವುದೂ ಇತ್ತು. ಎರಡನ್ನೂ ಹೇಳಿಕೊಳ್ಳಬಹುದಾದವರು ಅವರೊಬ್ಬರೇ ಆಗಿದ್ದರು...

ಕಳೆದ ವಾರ ನಮ್ಮ ಸೀನಿಯರ್ ಆಫೀಸಿಗೆ ಇಂಥದ್ದೇ ಪತ್ರಕ್ಕಾಗಿ ಒಬ್ಬರು ತಂಗಿಯನ್ನು ಕರೆದುಕೊಂಡು ಬಂದರು. ಆಕೆ ನನ್ನ ಕೈ ಹಿಡಿದು, "ನೀನೂ ನಮ್ಮ ಹುಡುಗೀನ, ಎಲ್ಲಿ ಒತ್ತಬೇಕು ತೋರ್ಸವ್ವ" ಎಂದರು.

"ಅಕ್ಕಾರ, ನಾವು ನಿಮ್ಮಣ್ಣನ ಕಡಿ ವಕೀಲ್ರು. ನಿಮ್ಮೋರಲ್ಲ. ನಿಮಗ ಬೇರೆ ವಕೀಲ್ರು ಬೇಕು" ಎಂದೆ.

ಆಕೆ ಕೈ ಬಿಟ್ಟರು. ಮುಖ ಸಣ್ಣದಾಯಿತು. "ನಾ ಏನ್ ನಿನ್ನ ಮನಿ ಕೇಳಿದ್ನೇನವ್ವ, ಹಿಂಗಂತೀಯಲ್ಲ" ಎಂದು ಎದ್ದು ಹೋದರು. ಅಣ್ಣ ಕಾಗದಗಳನ್ನು ಬಾಚಿಕೊಂಡು ಹಿಂದೆಯೇ ನಡೆದ. ಸೀನಿಯರ್ ಆ ದಿನವಿಡೀ ನನ್ನ ಕೈಗೆ ಒಂದೂ ಫೈಲು ಕೊಡಲಿಲ್ಲ. ಎರಡು ದಿನ ಬಿಟ್ಟು ಆಕೆ ಬೇರೆ ಕಡೆ ಹೋಗಿ ಸಹಿ ಮಾಡಿಕೊಟ್ಟರೆಂದು ಟೈಪಿಸ್ಟ್ ಹೇಳಿದ.

ಇದನ್ನೆಲ್ಲ ಮೊನ್ನೆ ಭಾನುವಾರ ಇಸ್ತ್ರಿ ಮಾಡುತ್ತ ಅವ್ವನಿಗೆ ಹೇಳಿದೆ. ನನ್ನ ಬ್ಯಾಂಡುಗಳನ್ನು ಅವಳು ಒಮ್ಮೆಯೂ ಮುಟ್ಟಿಲ್ಲ, ನಾನೂ ಕೇಳಿಲ್ಲ. ಆಕೆ ಸಹಿ ಮಾಡಿದರು ಎಂದಾಗ ಅವ್ವ, "ಮಾಡ್ಲಿ. ಆಕಿಗೆ ಗೊತ್ತಿತ್ತಲ್ಲ" ಎಂದಳು. ಆಮೇಲೆ ನಾನು ಮಡಚಿಟ್ಟಿದ್ದ ಬ್ಯಾಂಡಿನ ಕಡೆ ದೂರದಿಂದಲೇ ನೋಡಿದಳು.

"ಗಂಜಿ ತೆಳ್ಳಗ ಆಗೈತಿ. ಅವರಿಗೆ ಇನ್ನೊಂಚೂರು ದಪ್ಪಂದು ಬೇಕಿತ್ತು."

ಇಷ್ಟು ವರ್ಷಗಳಲ್ಲಿ ಅವಳ ಬಾಯಲ್ಲಿ ಕಾಕಾನ ಮಾತು ಬಂದದ್ದು ಅದೇ ಮೊದಲು. ನಾನು ಏನಾದರೂ ಹೇಳುವ ಮೊದಲೇ ಅವಳು ಅಡಿಗೆಮನೆಗೆ ಹೋದಳು. ಸಾರು ಕುದಿಯುತ್ತಿತ್ತು. ಈ ಮನೆಯಲ್ಲೂ ಅಡಿಗೆಮನೆಯಲ್ಲೇ ಇರುವ ಹೊಲಿಗೆ ಯಂತ್ರದ ಮೇಲಿದ್ದ ಯಾರದೋ ಜಂಪರನ್ನು ಎತ್ತಿ, ವಾಸನೆ ಹಿಡಿಯಬಾರದೆಂದು ಒಲೆಯಿಂದ ಆದಷ್ಟು ದೂರಕ್ಕೆ ಸರಿಸಿಟ್ಟಳು. ಅಲ್ಲಿ ಬಹಳ ದೂರವೇನೂ ಇಲ್ಲ.