ಗಿನ್ಕಾ ಎರಡು ಸಲ ನೋಡಿದ ರಕ್ತ

"ನಿನ್ನ ಗಂಡನಿಗೆ ಪಟ್ಟ ಸಿಗಲಿಲ್ಲ ಅಂತ ನನ್ನ ರಕ್ತದಲ್ಲಿ ಹುಳುಕು ಹುಡುಕ್ತೀಯಲ್ಲ, ನಾಚಿಕೆ ಆಗಲ್ವಾ ನಿಂಗೆ?"

ಬೆಳಗಿನ ಜಾವ ಆರೂವರೆ. ಬಲ್ಗೇರಿಯಾದ ದ್ರಾಕ್ಷಿ ಬಯಲಿನ ಪುಟ್ಟ ಆಸ್ಪತ್ರೆಯೊಂದರ ನೆಲಮಾಳಿಗೆ. ರಕ್ತಪರೀಕ್ಷೆಯ ಗೂಡುಕಿಟಕಿಯಾಚೆ ನಿಂತು ಗದರುತ್ತಿರುವವನು ವಲ್ಕೊ. ನಾಳೆ ಟ್ರಿಫೊನ್ ಸಂತನ ದಿನ. ಹಿಮದಲ್ಲೇ ದ್ರಾಕ್ಷಿ ಬಳ್ಳಿ ಕತ್ತರಿಸಿ, ಊರವರು ಕೈಯೆತ್ತಿ ಆರಿಸಿದ ಬಳ್ಳಿರಾಜನನ್ನು ಹೆಗಲ ಮೇಲೆ ಹೊರುತ್ತಾರೆ. ಈ ಸಲದ ರಾಜ ವಲ್ಕೊ. ಮನೆಮನೆಯ ವೈನನ್ನೂ ರಾಜನೇ ಮೊದಲು ಕುಡಿಯಬೇಕು. ಕುಡಿದರೆ ನೀನು ಉಳಿಯುವುದು ಕಷ್ಟ ಎಂದು ಕಿಟಕಿಯ ಈಚೆ ಕೂತ ಗಿನ್ಕಾ ಹೇಳುತ್ತಿದ್ದಾಳೆ.

ಗಿನ್ಕಾಗೆ ಐವತ್ನಾಲ್ಕು. ಮೂವತ್ತೊಂದು ವರ್ಷದಿಂದ ಇದೇ ಕುರ್ಚಿ. ದಿನಕ್ಕೆ ಎಪ್ಪತ್ತು ಕೊಳವೆ ರಕ್ತ, ಎಪ್ಪತ್ತು ಚೀಟಿ. ವಾಸಿಯಾದವರು ಹೂಗುಚ್ಛ ಹಿಡಿದು ಬಂದು ನೆಟ್ಟಗೆ ಮೇಲಿನ ಮಹಡಿಯ ವೈದ್ಯರ ಬಳಿ ಹೋಗುತ್ತಾರೆ. ನೆಲಮಾಳಿಗೆಗೆ ಹೂವು ಇಳಿದದ್ದಿಲ್ಲ.

"ವೈದ್ಯರ ಮೇಲೆ ಹೊಟ್ಟೆಕಿಚ್ಚಿಲ್ಲ ಅಂದ್ರೆ ಸುಳ್ಳಾಗುತ್ತೆ," ಎಂದು ಕೇಳಿದವರಿಗೆ ಹೇಳುತ್ತಾಳೆ. "ಈ ಮೇಲಿನ ಕಿಂಡೀಲಿ ಬೀದಿ ಕಾಣುತ್ತಲ್ಲ, ಬರೀ ಬೂಟು. ಕೆಲವು ಬೂಟಿನ ಪಕ್ಕ ಜೋತುಬಿದ್ದ ಹೂವು. ಅವು ಮೇಲಕ್ಕೆ ಹೋಗ್ತವೆ."

ಯಕೃತ್ತು ಕೆಟ್ಟವರ ರಕ್ತದಲ್ಲಿ ಯಕೃತ್ತನ್ನು ಮಾತ್ರ ಹುಡುಕಿದರೆ ಸಾಲದು ಎನ್ನುವುದು ಅವಳ ಹಟ. ಗಂಟಲಿನ ಥೈರಾಯ್ಡ್ ಗ್ರಂಥಿಯ ಹಾರ್ಮೋನೊಂದು ಯಕೃತ್ತು ಸೋತಷ್ಟೂ ರಕ್ತದಲ್ಲಿ ಇಳಿಯುತ್ತದೆ. ಕಣ್ಣು ಹಳದಿಯಾಗುವ, ಹೊಟ್ಟೆಯಲ್ಲಿ ನೀರು ತುಂಬುವ ಮೊದಲೇ ಅದು ಇಳಿದದ್ದನ್ನು ಅವಳು ಎಷ್ಟೋ ಸಲ ಕಂಡಿದ್ದಾಳೆ. ಓದಿದವರಿಗೂ ಇದು ಹೊಸದಲ್ಲ. ಆದರೆ ಇಲ್ಲಿ ಆ ಪರೀಕ್ಷೆ ಶುರುವಾದದ್ದು ಇವಳು ನಾಲ್ಕು ವರ್ಷ ವೈದ್ಯರ ಬೆನ್ನುಬಿದ್ದು ಕಾಡಿದ್ದಕ್ಕೆ.

"ಒಲೆಯೊಳಗೆ ತಲೆ ಹಾಕೋಕಾಗಲ್ಲ. ಹಂಚು ಮುಟ್ಟಿದ್ರೆ ಉರಿ ಎಷ್ಟಿದೆ ಗೊತ್ತಾಗುತ್ತೆ."

ವಲ್ಕೊನ ಕಣ್ಣು ಇನ್ನೂ ಬೆಳ್ಳಗಿದೆ. ಉಳಿದ ಸಂಖ್ಯೆಗಳನ್ನು ನೋಡಿ ವೈದ್ಯರು ಸದ್ಯಕ್ಕೆ ಪರವಾಗಿಲ್ಲ ಎಂದು ಕಳಿಸಿದ್ದಾರೆ. ಹಾರ್ಮೋನು ಮಾತ್ರ ನೆಲ ಹಿಡಿದಿದೆ. ಅದನ್ನು ಹೇಳಬೇಕಾದವಳು ಗಿನ್ಕಾ, ಹೇಳಬಾರದವಳೂ ಅವಳೇ. ಅವಳ ಗಂಡ ಮಿಂಚೊನ ತೋಟದಷ್ಟು ಚೊಕ್ಕ ತೋಟ ಊರಲ್ಲಿಲ್ಲ. ಹನ್ನೊಂದು ವರ್ಷದಿಂದ ಪಟ್ಟಕ್ಕೆ ಕಾಯುತ್ತಿದ್ದಾನೆ. ಈ ಸಲ ವಲ್ಕೊನ ಎದುರು ಬರೀ ಮೂರು ಕೈಗಳ ಅಂತರದಿಂದ ಸೋತ. ಅಂದಿನಿಂದ ಗಿನ್ಕಾ ವಲ್ಕೊನ ಹೆಂಡತಿಯ ಮುಖ ಕಂಡರೆ ರಸ್ತೆ ದಾಟುತ್ತಾಳೆ. ಇದು ಇಡೀ ಊರಿಗೆ ಗೊತ್ತು.

"ಆ ಸಂಖ್ಯೆ ನೋಡಿದಾಗ ಮೊದಲು ಖುಷಿಯಾಯ್ತು," ಎನ್ನುವಾಗ ಅವಳ ದನಿ ತಗ್ಗುತ್ತದೆ. "ಆಮೇಲೆ ಹೆದರಿಕೆ. ನನ್ನ ಕಿಚ್ಚು ಯಂತ್ರದೊಳಕ್ಕೂ ಹೊಕ್ಕಿತೇನೋ ಅಂತ. ಅದಕ್ಕೇ ಇನ್ನೊಂದು ಸಲ ಮಾಡಿದೆ. ಅಷ್ಟೇ ಬಂತು."

ಕಿಟಕಿಯಲ್ಲಿ ಜಗಳ ಮುಗಿದಿಲ್ಲ. ಸಾಲಿನಲ್ಲಿ ನಿಂತವರು ತೋಳು ಮಡಚಿಕೊಂಡು ಕೇಳುತ್ತಿದ್ದಾರೆ. ಗಿನ್ಕಾ ದನಿ ಏರಿಸುವುದಿಲ್ಲ.

"ಪಟ್ಟ ನೀನೇ ಇಟ್ಕೊ ಮಾರಾಯ. ರಾಜನ ಪಾತ್ರೇಲಿ ವೈನಿನ ಬದಲು ಚೆರ್ರಿ ರಸ ತುಂಬ್ಕೊಂಡು ಹೋಗು. ನಾನೇ ಮಾಡಿದ್ದಿದೆ, ಕೊಡ್ತೀನಿ. ಬಣ್ಣ ಒಂದೇ."

"ರಾಜ ರಸ ಕುಡಿದ ಅಂತ ನಿನ್ನ ಮಿಂಚೊ ಊರೆಲ್ಲ ಸಾರೋಕಾ?"

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ವಲ್ಕೊ ಚೀಟಿಯನ್ನು ಕಿಟಕಿಯೊಳಕ್ಕೆ ತಳ್ಳಿ ಮೆಟ್ಟಿಲು ಹತ್ತಿದ. ಹಿಮ್ಮಡಿ ಸವೆದ ಅವನ ಕಂದು ಬೂಟು ಕಿಂಡಿಯ ಮುಂದೆ ಹಾದುಹೋಯಿತು.

ಮರುದಿನ ರಾಜ ಹತ್ತೊಂಬತ್ತು ಮನೆಯ ವೈನು ಕುಡಿದ. ಅವನನ್ನು ಹೊತ್ತವರಲ್ಲಿ ಮಿಂಚೊನೂ ಒಬ್ಬ.

ವಲ್ಕೊನ ಮುಂದಿನ ಪರೀಕ್ಷೆ ಕಳೆದ ಮಂಗಳವಾರವಿತ್ತು. ಅವನು ಬರಲಿಲ್ಲ. ಅವನ ಹೆಸರು ಬರೆದ ಖಾಲಿ ಕೊಳವೆಯನ್ನು ಗಿನ್ಕಾ ಇನ್ನೂ ಎಸೆದಿಲ್ಲ. ನಿನಗೇನು ಬೇಕು ಎಂದು ಕೇಳಿದರೆ ಹೂವಿನ ಮಾತು ಎತ್ತುವುದಿಲ್ಲ. "ನಾನು ಸುಳ್ಳಿ ಅಂತ ಬೈಯೋಕಾದ್ರೂ ಅವನು ಇಲ್ಲಿಗೆ ಇಳಿದು ಬರ್ಲಿ," ಎನ್ನುತ್ತಾಳೆ.

ಸೂಜಿ ಹಿಡಿದ ಕೈ ಕೆಲಸ ಮಾಡುತ್ತಿರುತ್ತದೆ. ಕಣ್ಣು ಆಗಾಗ ಕಿಂಡಿಗೆ ಹೋಗುತ್ತದೆ. ಎಷ್ಟೋ ಬೂಟುಗಳು ಹಾದುಹೋಗಿವೆ. ಆ ಕಂದು ಬೂಟು ಬಂದಿಲ್ಲ.