ಮಿತಿ ಮೀರಿದ ಟೆಸ್ಟೋಸ್ಟೆರೋನ್

ಬೆಳಿಗ್ಗೆ ಹನ್ನೊಂದೂ ಹತ್ತಕ್ಕೆ ಗಂಡನ ಹಾರ್ಮೋನು ಪರೀಕ್ಷೆಯ ವರದಿ ಮೊಬೈಲಿಗೆ ಬಂತು. ವೀರ್ಯಾಣು ತೀರಾ ಕಡಿಮೆ ಇದ್ದುದರಿಂದ ಐರೋಲಿಯ ವೈದ್ಯೆ ಅದನ್ನು ಮಾಡಿಸಿದ್ದರು. ನಾವು ಅವರಲ್ಲಿಗೇ ಹೊರಟಿದ್ದೆವು. ಟೆಸ್ಟೋಸ್ಟೆರೋನ್ ಮಿತಿಗಿಂತ ಹೆಚ್ಚಿತ್ತು. ಅವನು ಆಟೋದಲ್ಲೇ ಮೀಸೆ ತಿರುವಿದ.

"ನಿಮ್ಮವ್ವಗ ಹೇಳು, ಅಳಿಯ ಪಕ್ಕಾ ಗಂಡಸ ಅದಾನಂತ. ಇನ್ನ ಡಾಕ್ಟರ್ ಯಾಕ? ವಾಪಸ್ ಹೋಗೂಣ ನಡಿ."

ಬಿ.ಎಸ್ಸಿ. ಓದಿದ ನಾನೂ ನಕ್ಕೆ. ಹ್ಞೂಂ ಅನ್ನುವವಳೇ ಇದ್ದೆ. ಅಷ್ಟರಲ್ಲಿ ಆಟೋ ಕ್ಲಿನಿಕ್ ಮುಂದೆ ನಿಂತಿತು.

ವೈದ್ಯೆ ನಗಲಿಲ್ಲ. ವೃಷಣಗಳಿಗೆ ಕೆಲಸ ಹೇಳಲು ಮೆದುಳಿನ ಬುಡದಿಂದ ಬರುವ ಎರಡು ಹಾರ್ಮೋನುಗಳು ಇಲ್ಲವೆನ್ನುವಷ್ಟು ಇಳಿದಿದ್ದವು. ಹೊರಗಿನಿಂದ ಏನಾದರೂ ತೆಗೆದುಕೊಳ್ಳುತ್ತೀರಾ ಎಂದು ಕೇಳಿದರು. ಅವನು ನನ್ನ ಕಡೆ ತಿರುಗಿದ.

"ಜಿಮ್‌ನಾಂವ ವಾರಕ್ಕೊಂದು ಇಂಜೆಕ್ಷನ್ ಕೊಡ್ತಾನ. ಶಕ್ತಿ ಬಂದ್ರ ಮಕ್ಕಳಾಗ್ತಾವಂತ ತಗೊಂಡೆ. ಇವತ್ತ ಸಂಜಿಗೂ ಒಂದು ಅದ."

ಸೂಜಿಯಲ್ಲಿದ್ದದ್ದು ಟೆಸ್ಟೋಸ್ಟೆರೋನ್. ಅದು ಹೊರಗಿನಿಂದ ಬಂದರೆ ದೇಹ ವೀರ್ಯಾಣು ಮಾಡುವ ತನ್ನ ಕೆಲಸ ನಿಲ್ಲಿಸುತ್ತದೆ, ಹೀಗೇ ಮುಂದುವರಿದರೆ ಮಗುವಿನ ಆಸೆ ಇನ್ನಷ್ಟು ದೂರ ಎಂದರು ವೈದ್ಯೆ.

ಸೂಜಿ ಬಿಟ್ಟ ಮೇಲೆ ಅವನಿಗೆ ನಿದ್ದೆ ಹಾರಿತು, ಮಾತುಮಾತಿಗೆ ಸಿಡುಕಿದ. ನನಗೂ ನಿದ್ದೆಯಿಲ್ಲ; ತಲೆಯಲ್ಲಿ ಆಟೋ ಮತ್ತೆ ಮತ್ತೆ ಹಿಂದೆ ತಿರುಗುತ್ತಿತ್ತು. ಆವತ್ತು ಹ್ಞೂಂ ಅಂದುಬಿಟ್ಟಿದ್ದರೆ ಕಾಮೋಠೆಯ ನಮ್ಮ ಮನೆ ಸೇರಿ, ಸಂಜೆ ನಾನೇ ಅವನನ್ನು ಜಿಮ್ಮಿಗೆ ಕಳಿಸುತ್ತಿದ್ದೆ.

ಸೂಜಿ ಬಿಟ್ಟ ಎಂಟನೆಯ ತಿಂಗಳಿಗೆ ಆ ಎರಡೂ ಹಾರ್ಮೋನುಗಳು ಮಿತಿಯೊಳಗೆ ಬಂದವು. ವೀರ್ಯಾಣು ಇನ್ನೂ ಕಡಿಮೆಯೇ, ಆದರೆ ಏರತೊಡಗಿತ್ತು. ಮರುದಿನ ಹಾಲಿನವನು ಬೆಲ್ ಒತ್ತಿದಾಗಲೇ ನಮ್ಮಿಬ್ಬರಿಗೂ ಎಚ್ಚರವಾದದ್ದು.