ನೀಲಿ ಡ್ರಮ್ಮಿನ ಮೇಲಿದ್ದ ಪದ

ಆಗ ಪಟಾನ್‌ಚೆರುವಿನ ನಮ್ಮ ಕೂಲಿಕಾರರ ಬಸ್ತಿಗೆ ಇಂಗ್ಲಿಷ್ ಪದಗಳು ಸಂಜೆಯ ಬಸ್ಸಿನಲ್ಲಿ ಬರುತ್ತಿದ್ದವು. ಕೆಮಿಕಲ್ ಕಾರ್ಖಾನೆಗಳಲ್ಲಿ ದುಡಿಯುವ ಯಾದಗಿರಿ ಕಡೆಯಿಂದ ಗುಳೆ ಬಂದ ನಮ್ಮವರು ಚೀಲ, ಡಬ್ಬಿಗಳ ಮೇಲೆ ಕಂಡದ್ದನ್ನು ಅಂಗೈಯಲ್ಲಿ ಗೀಚಿಕೊಂಡು ನಮ್ಮ ಕಟ್ಟೆಗೆ ಬರುವರು. ಅವ್ವ ಬಡಿಯುತ್ತಿದ್ದ ರೊಟ್ಟಿಯ ಘಮವೂ ಅವರ ಅಂಗಿಗಳ ಘಾಟೂ ಒಟ್ಟಿಗೇ ಮೂಗಿಗೆ ಹೊಡೆಯುತ್ತಿದ್ದವು. ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದವಳು ನಾನೊಬ್ಬಳೇ. ಹತ್ತು ವರ್ಷದವಳು, ಡಿಕ್ಷನರಿ ಬಿಚ್ಚಿಕೊಂಡು ಕೂರುತ್ತಿದ್ದೆ. ಅಪ್ಪ ಅದನ್ನು ಕೋಠಿಯ ಹಳೆ ಪುಸ್ತಕಗಳ ಫುಟ್‌ಪಾತಿನಲ್ಲಿ ಕೊಂಡು ತಂದಿದ್ದ. 'ಸಿ' ಅಕ್ಷರದ ಅರ್ಧದಷ್ಟು ಹಾಳೆ ಹರಿದುಹೋಗಿದ್ದವು. ಅದು ನನ್ನನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ.

ಮೊದಲು ಉಚ್ಚಾರ, ಆಮೇಲೆ ಅರ್ಥ. ನ್ಯುಮೋನಿಯಾದ ಮುಂದಿರುವ 'ಪಿ' ಬಾಯಿ ಬಿಡುವುದಿಲ್ಲ ಎಂದರೆ ಪಕ್ಕದ ಮನೆಯ ಬಸಣ್ಣ ಕಾಕಾ, "ಹಂಗಾರ ಅದು ಮನಿ ಅಳಿಯ ಬಿಡು, ಕುಂತು ಉಣ್ಣಾಕ ಬಂದೈತಿ" ಎನ್ನುವರು. ಎಲ್ಲರೂ ನಕ್ಕಾಗ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಆ ವರ್ಷ ಯುಗಾದಿಗೂ ಮೊದಲೇ ನೀರು ಕೈಕೊಟ್ಟಿತು. ಕಾಕಾ ಗುಜರಿಯಿಂದ ಒಂದು ನೀಲಿ ಡ್ರಮ್ ತಂದರು.

"ತಂಗಿ, ಇದರ ಮ್ಯಾಲ ಏನು ಬರದಾರ ನೋಡವ್ವಾ. ನೀರು ತುಂಬಾಕ ನಡೀತೈತೇನು?"

"ಕರೋಸಿವ್," ಎಂದೆ. ಉಚ್ಚಾರ ಸರಿಯಾಗಿಯೇ ಇತ್ತು. ಆದರೆ ಅದು 'ಸಿ' ಅಕ್ಷರದ ಪದ, ಅರ್ಥದ ಹಾಳೆ ಇರಲಿಲ್ಲ. ಸುತ್ತ ಏಳೆಂಟು ಜನ ನಿಂತಿದ್ದರು. ಗೊತ್ತಿಲ್ಲ ಎನ್ನಲು ನಾಲಿಗೆ ಏಳಲಿಲ್ಲ.

"ಭಾಳ ಗಟ್ಟಿ ಅಂತರಿ ಕಾಕಾ. ಸವೆಯಂಗಿಲ್ಲ."

ಮರುದಿನ ಬೆಳಿಗ್ಗೆ ಅವರ ಹೆಂಡತಿ ಶಾಂತಾ ಕಾಕು ಡ್ರಮ್ಮಿನೊಳಗೆ ಬಗ್ಗಿ ತಿಕ್ಕುವಾಗ ತಳದಲ್ಲಿ ಉಳಿದದ್ದು ಕಣ್ಣಿಗೆ ಸಿಡಿಯಿತು. ಆ ಕೂಗು ಇನ್ನೂ ಕಿವಿಯಲ್ಲಿದೆ. ಮೂರು ಮನೆಯ ತಂಬಿಗೆ ತಂದು ಹೊಯ್ದರೂ ನೀರು ಸಾಲಲಿಲ್ಲ.

ಶಾಲೆಯ ದೊಡ್ಡ ಡಿಕ್ಷನರಿಯಲ್ಲಿ ನೋಡಿದೆ. ಮುಟ್ಟಿದ್ದನ್ನು ತಿಂದುಹಾಕುವಂಥದು ಎಂದಿತ್ತು. ಬಸ್ತಿಯವರೆಲ್ಲ ಗುಜರಿಯವನನ್ನು ಬೈದರು. ನನ್ನ ಹೆಸರು ಯಾರೂ ಎತ್ತಲಿಲ್ಲ. ನಾನೂ ಬಾಯಿ ಬಿಡಲಿಲ್ಲ, ಹೇಡಿ.

ತಿಂಗಳಾದ ಮೇಲೆ ಕಾಕಾ ಕಣ್ಣಿನ ಡಾಕ್ಟರರ ಚೀಟಿ ಹಿಡಿದು ಬಂದರು. ಬೆರಳು ಒಂದು ಪದದ ಮೇಲಿತ್ತು. ಇರ್ರಿವರ್ಸಿಬಲ್.

"ಕಣ್ಣು ಬರ್ತಾವಂತೇನವ್ವಾ?"

'ಐ' ಅಕ್ಷರದ ಹಾಳೆಗಳು ಪೂರ್ತಿ ಇದ್ದವು. ಮತ್ತೆ ಮೊದಲಿನಂತಾಗದ್ದು ಎಂದು ಕಾಣುತ್ತಿತ್ತು.

"ನನಗ ಗೊತ್ತಿಲ್ರಿ ಕಾಕಾ."

"ಇರ್ಲಿ ಬಿಡು," ಎಂದು ತಲೆ ಸವರಿದರು. "ನಿನಗ ಗೊತ್ತಿಲ್ಲಂದ್ರ ಭಾಳ ದೊಡ್ಡ ಪದಾನ ಇರಬೇಕು."

ಈಗ ಯಾವ ಪದವನ್ನಾದರೂ ಫೋನೇ ಉಚ್ಚರಿಸಿ ತೋರಿಸುತ್ತದೆ. ಕಟ್ಟೆಗೆ ಅಂಗೈ ಚಾಚಿಕೊಂಡು ಬರುವವರಿಲ್ಲ, ಆ ನಗುವಿಲ್ಲ, ಬಸಣ್ಣ ಕಾಕಾ ಇಲ್ಲ. ಕಾಕು ಇದ್ದಾರೆ. ಹೋದಾಗಲೆಲ್ಲ ನನ್ನ ಮುಖ ತಡವಿ ಗುರುತು ಹಿಡಿದು, "ನಮ್ಮ ಡಿಕ್ಷನರಿ ಬಂತು ನೋಡ್ರಿ" ಎಂದು ಮನೆಯವರನ್ನೆಲ್ಲ ಕರೆಯುತ್ತಾರೆ. ಆ ದಿನ ನನಗೆ ಅರ್ಥ ಗೊತ್ತಿರಲಿಲ್ಲ ಕಾಕು ಎಂದು ಹೇಳಲೆಂದೇ ಪ್ರತಿ ಸಲ ಹೋಗುತ್ತೇನೆ. ಚಹಾ ಕುಡಿದು ಬರುತ್ತೇನೆ.